ಬ್ಯಾಗ್ ಬಿಚ್ಚಿ ಇಡಿ: ಬಾಬೆಲಿಗೆ ಬಂದ ಪತ್ರ, ದೇವನಹಳ್ಳಿಗೆ ಬಂದ ನಾವು

ಯೌವನಸ್ಥರ ಆರಾಧನೆಯ ಸಂದೇಶ
ವಾಕ್ಯಭಾಗ: ಯೆರೆಮೀಯ 29:4-11, ಅಪೊಸ್ತಲರ ಕೃತ್ಯಗಳು 2:1-11

ನೈಟ್ ಶಿಫ್ಟ್ ಮುಗಿಸಿ, ನಿದ್ದೆನೂ ಮಾಡದೆ ಸೀದಾ ಇಲ್ಲಿಗೆ ಬಂದವರು ಇದ್ದೀರ. ದೇವರು ನಿಮ್ಮನ್ನು ವಿಶೇಷವಾಗಿ ಆಶೀರ್ವದಿಸಲಿ. ಹಿಂದಿನ ಸಾಲಲ್ಲಿ ಕೂತಿರೋ ಹೊಸಬರಿಗೂ ಸ್ವಾಗತ. ನಿಮ್ಮ ಹೆಸರು ನನಗೆ ಇನ್ನೂ ಗೊತ್ತಿಲ್ಲ, ಆದರೆ ದೇವರಿಗೆ ಗೊತ್ತು. ಆಮೆನ್?

ಸತ್ಯವೇದ ತೆಗೀರಿ. ಫೋನಲ್ಲಿ ಇದ್ದರೆ ಫೋನ್ ತೆಗೀರಿ, ವಾಟ್ಸಾಪ್ ಮಾತ್ರ ತೆಗೀಬೇಡಿ. ಯೆರೆಮೀಯ 29ನೇ ಅಧ್ಯಾಯ.

ಈ ಅಧ್ಯಾಯದ 11ನೇ ವಚನ ನಿಮಗೆಲ್ಲ ಗೊತ್ತು. ದೇವರಿಗೆ ನಮ್ಮ ಬಗ್ಗೆ ಒಳ್ಳೆಯ ಯೋಚನೆ ಇದೆ, ಹಾನಿಯದ್ದಲ್ಲ, ನಿರೀಕ್ಷೆಯ ಯೋಚನೆ ಅನ್ನೋ ವಚನ. ಎಷ್ಟು ಜನರ ಸ್ಟೇಟಸ್‌ನಲ್ಲಿದೆ? ಮಗ್ ಮೇಲಿದೆ, ಕ್ಯಾಲೆಂಡರ್ ಮೇಲಿದೆ, ಆಟೋ ಹಿಂದೆಯೂ ಇದೆ. ಸರಿ. ಈಗ 10ನೇ ವಚನ ಸ್ಟೇಟಸ್ ಹಾಕಿದವರು ಕೈ ಎತ್ತಿ ನೋಡೋಣ. ಒಬ್ಬರೂ ಇಲ್ಲ! ಯಾಕೆ? ಯಾಕಂದ್ರೆ 10ನೇ ವಚನದಲ್ಲಿ ದೇವರು ಎಪ್ಪತ್ತು ವರ್ಷ ಅಂತಾರೆ. ಆ ಒಳ್ಳೆಯ ಯೋಚನೆ ಕೇಳಿಸಿಕೊಂಡವರು ಯಾರು ಗೊತ್ತಾ? ಊರಿಗೆ ವಾಪಸ್ ಹೋಗೋಕೆ ಎಪ್ಪತ್ತು ವರ್ಷ ಆಗುತ್ತೆ ಅಂತ ಅದೇ ಪತ್ರದಲ್ಲಿ ಓದಿದವರು. ಲೆಕ್ಕ ಹಾಕಿ. ಇಪ್ಪತ್ತು ವರ್ಷದ ಹುಡುಗನಿಗೆ ಈ ಪತ್ರ ಸಿಕ್ಕಿದ್ದರೆ ಅವನ ಲೆಕ್ಕಕ್ಕೆ ಅರ್ಥ ಒಂದೇ: ನಾನು ಸಾಯೋದು ಇಲ್ಲೇ.

ಇದನ್ನು ಬಿಟ್ಟು 11ನೇ ವಚನ ಮಾತ್ರ ಓದಿದರೆ ಅರ್ಧ ಪತ್ರ ಓದಿದ ಹಾಗೆ. ಇವತ್ತು ಪೂರ್ತಿ ಓದೋಣ.

ಹಿನ್ನೆಲೆ ಇಷ್ಟು. ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಜನರನ್ನು ಸೆರೆ ಒಯ್ದಿದ್ದ. ಯಾರನ್ನು? ಬಡಗಿಗಳನ್ನು, ಕಮ್ಮಾರರನ್ನು, ಕೆಲಸ ಗೊತ್ತಿರೋರನ್ನು. ಅಂದ್ರೆ ಸ್ಕಿಲ್ ಇರೋರನ್ನು. ಮುಂದೆ ಎಜ್ರನು ಬಾಬೆಲಿನಿಂದ ಯೆರೂಸಲೇಮಿಗೆ ಬರೋಕೆ ನಾಲ್ಕು ತಿಂಗಳು ಹಿಡಿಯಿತು ಅಂತ ಎಜ್ರ 7:9ರಲ್ಲಿ ಇದೆ. ಅಷ್ಟು ದೂರ. ಫೋನಿಲ್ಲ, ವೀಡಿಯೊ ಕಾಲ್ ಇಲ್ಲ, ಹಬ್ಬಕ್ಕೆ ಸ್ಪೆಷಲ್ ಟ್ರೇನ್ ಇಲ್ಲ.

ಒಂದು ವ್ಯತ್ಯಾಸ ಪ್ರಾಮಾಣಿಕವಾಗಿ ಹೇಳಬೇಕು. ಅವರನ್ನು ಬಲವಂತವಾಗಿ ಎಳೆದುಕೊಂಡು ಹೋದರು, ನಾವು ಟಿಕೆಟ್ ತಗೊಂಡು ಬಂದ್ವಿ. ಆದರೂ ನಿಮ್ಮಲ್ಲಿ ಎಷ್ಟು ಜನ ಇಷ್ಟಪಟ್ಟು ಬಂದಿರಿ? ಮಳೆ ಇಲ್ಲ, ಮನೇಲಿ ಸಾಲ, ತಂಗಿ ಓದು, ಅಪ್ಪನ ಆಪರೇಷನ್. ಕೈ ಕಟ್ಟಿ ಕರ್ಕೊಂಡು ಬರಲಿಲ್ಲ, ನಿಜ. ಹೊಟ್ಟೆ ಕರ್ಕೊಂಡು ಬಂತು.

ಈ ಸಭೆಯನ್ನೇ ನೋಡಿ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿ, ರಾಯಚೂರು ಕಡೆಯಿಂದ ಬಂದವರು ಇದ್ದೀರ. ಒಡಿಶಾದಿಂದ, ಜಾರ್ಖಂಡ್‌ನಿಂದ ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ ಬಂದ ಅಕ್ಕತಂಗಿಯರು ಇದ್ದೀರ. ಮಣಿಪುರದಿಂದ, ಅಸ್ಸಾಮಿನಿಂದ ಬಂದು ಏರ್‌ಪೋರ್ಟಲ್ಲಿ, ಹೋಟೆಲಲ್ಲಿ ಕೆಲಸ ಮಾಡೋರು, ನೆಲಮಂಗಲದ ಗೋಡೌನ್‌ಗಳಲ್ಲಿ ಸ್ಕ್ಯಾನರ್ ಹಿಡಿದು ರಾತ್ರಿಯಿಡೀ ನಿಂತಿರೋರು, ಹೊಸಕೋಟೆ ಕಡೆ ಫ್ಯಾಕ್ಟರಿಗೆ ಕಂಪನಿ ಬಸ್ಸಲ್ಲಿ ಹೋಗೋರು, ಫೋನ್ ಜೋಡಿಸೋ ಲೈನಲ್ಲಿ ಕೂರೋ ಹುಡುಗಿಯರು. ಬೆಂಗಳೂರು ಅಂತ ಮನೇಲಿ ಹೇಳಿ ಬಂದಿರ್ತೀರ. ಬಂದು ನೋಡಿದ್ರೆ ವಿಧಾನಸೌಧ ಇಲ್ಲಿಂದ ಎರಡು ಗಂಟೆ ದಾರಿ. ಇಲ್ಲಿರೋದು ಪಿಜಿ, ಒಂದು ರೂಮಿಗೆ ನಾಲ್ಕು ಮಂಚ, ಧೂಳು, ಲಾರಿ, ತಲೆ ಮೇಲೆ ಹೋಗೋ ವಿಮಾನ.

ಇಂಥವರಿಗೆ ದೇವರು ಪತ್ರ ಬರೆಸಿದರು. ಅದರಲ್ಲಿ ಏನಿದೆ? ಮೂರು ವಿಷಯ ನೋಡೋಣ.

ಒಂದು: ಬ್ಯಾಗ್ ಬಿಚ್ಚಿ

5ನೇ ವಚನದಲ್ಲಿ ದೇವರು ಹೇಳೋದು: ಮನೆ ಕಟ್ಟಿಕೊಂಡು ವಾಸ ಮಾಡಿ, ತೋಟ ಮಾಡಿ ಅದರ ಹಣ್ಣು ತಿನ್ನಿ. ಇದು ಬಹಳ ಸಾಧಾರಣ ಮಾತು. ಬೆಂಕಿ ಇಳಿಯಲಿಲ್ಲ, ಸಮುದ್ರ ಬಿಚ್ಚಲಿಲ್ಲ. ಗುದ್ದಲಿ ಹಿಡೀರಿ ಅಂದರು.

ಯಾಕೆ ಹೀಗಂದರು? ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನೋ ಪ್ರವಾದಿ ಇದ್ದಾನೆ. ಅವನು ಆಲಯದಲ್ಲಿ, ಎಲ್ಲರ ಮುಂದೆ, ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರ್ತಾರೆ ಅಂತ ಸಾರಿದ. ಯೆರೆಮೀಯನ ಹೆಗಲ ಮೇಲಿದ್ದ ನೊಗವನ್ನೂ ಮುರಿದು ಹಾಕಿದ. ಜನ ಖುಷಿಯಾಗಿರ್ತಾರೆ, ಬಿಡಿ. ಎರಡೇ ವರ್ಷ! ಆದರೆ ಅದು ದೇವರು ಹೇಳಿದ ಮಾತಾಗಿರಲಿಲ್ಲ.

ದೇವರ ಮಕ್ಕಳೇ, ನಮ್ಮೊಳಗೂ ಒಬ್ಬ ಹನನ್ಯ ಇದ್ದಾನೆ. ಅವನ ಪ್ರವಾದನೆ ಯಾವಾಗಲೂ ಒಂದೇ: ಇನ್ನು ಎರಡು ವರ್ಷ. ಎರಡು ವರ್ಷ ದುಡಿದು ಹೋಗಿಬಿಡ್ತೀನಿ. ಅದಕ್ಕೇ ಬ್ಯಾಗ್ ಮಂಚದ ಕೆಳಗೆ ಹಾಗೇ ಇರುತ್ತೆ, ಬಟ್ಟೆ ಬ್ಯಾಗಿಂದಲೇ ತೆಗೆದು ಹಾಕ್ಕೊಳ್ಳೋದು. ಪಕ್ಕದ ಮಂಚದವನ ಊರು ಯಾವುದು ಅಂತ ಕೇಳಲ್ಲ, ಹೇಗೂ ಹೋಗ್ತೀನಲ್ಲ. ಭಾಷೆ ಕಲಿಯಲ್ಲ, ಹೇಗೂ ಹೋಗ್ತೀನಲ್ಲ. ಸಭೆಗೆ ಬಂದು ಕೊನೇ ಹಾಡಿಗೆ ಎದ್ದು ಹೋಗ್ತೀನಿ, ಹೇಗೂ ಹೋಗ್ತೀನಲ್ಲ. ಹೀಗೆ ಎರಡು ವರ್ಷ ಆರಾಯ್ತು. ಊರಲ್ಲೂ ಇಲ್ಲ, ಇಲ್ಲೂ ಇಲ್ಲ. ದೇಹ ದೇವನಹಳ್ಳಿಯಲ್ಲಿ, ಮನಸ್ಸು ದೇವದುರ್ಗದಲ್ಲಿ.

ಊರಿಗೆ ಹೋಗಬೇಡಿ ಅಂತ ನಾನು ಹೇಳ್ತಾ ಇಲ್ಲ. ದೇವರು ದಾರಿ ತೆರೆದರೆ ನಾಳೆಯೇ ಹೋಗಿ, ನಾವೇ ಪ್ರಾರ್ಥನೆ ಮಾಡಿ ಬಸ್ ಹತ್ತಿಸ್ತೀವಿ. ಆದರೆ ಇರೋ ಅಷ್ಟು ದಿನ ಪೂರ್ತಿ ಇಲ್ಲಿರಿ. ಈ ಊರಿನ ಚಕ್ಕೋತ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬೀಜ ಹಾಕಿ ಬೆಳೆಸಿದ ಚಕ್ಕೋತ ಗಿಡ ಹಣ್ಣು ಬಿಡೋಕೆ ಎಷ್ಟೋ ವರ್ಷ ಬೇಕು. ಎರಡು ವರ್ಷದಲ್ಲಿ ಹೋಗ್ತೀನಿ ಅನ್ನೋನು ಚಕ್ಕೋತ ನೆಡಲ್ಲ. ತೋಟ ಮಾಡಿ ಹಣ್ಣು ತಿನ್ನಿ ಅಂತ ದೇವರು ಹೇಳಿದಾಗ ಕಾಯೋದನ್ನು ಕಲಿಯಿರಿ ಅಂತ ಹೇಳಿದರು.

ಪಂಡಿತಾ ರಮಾಬಾಯಿ ಹೆಸರು ಕೇಳಿದ್ದೀರಾ? 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಊರೂರು ತಿರುಗಿ ಪುರಾಣ ಓದೋರು, ಕುಟುಂಬವೂ ಜೊತೆಗೆ ನಡೆಯೋದು. ಕ್ಷಾಮ ಬಂತು. ಅಪ್ಪ ಹೋದರು, ಅಮ್ಮ ಹೋದರು, ಅಕ್ಕನೂ ಹೋದಳು. ಉಳಿದದ್ದು ಅಣ್ಣ ತಂಗಿ ಇಬ್ಬರೇ. ಅವರು ದೇಶ ಸುತ್ತುತ್ತಾ 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಗೊತ್ತಿಲ್ಲದ ಮಹಾನಗರ, ವಯಸ್ಸು ಇಪ್ಪತ್ತು. ಆಮೇಲೆ ಅಣ್ಣನೂ ತೀರಿಕೊಂಡ. ಬಂಗಾಳದವರೊಬ್ಬರನ್ನು ಮದುವೆಯಾದರು, ಎರಡು ವರ್ಷ ತುಂಬೋದರೊಳಗೆ ಅವರೂ ಕಾಲರಾದಿಂದ ಹೋದರು. ಕೈಯಲ್ಲಿ ಹೆಣ್ಣು ಕೂಸು. ಈ ತಾಯಿ ಬ್ಯಾಗ್ ಕಟ್ಟಿಯೇ ಇಟ್ಟುಕೊಳ್ಳೋಕೆ ಎಲ್ಲ ಕಾರಣವೂ ಇತ್ತು. ಆದರೆ ಹೋದ ಕಡೆಯೆಲ್ಲ ಭಾಷೆ ಕಲಿತರು, ಹೋದ ಕಡೆಯೆಲ್ಲ ಕೆಲಸ ಹಿಡಿದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಕೊನೆಗೆ ಪುಣೆ ಹತ್ತಿರದ ಕೆಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದರು. ಕ್ಷಾಮದಲ್ಲಿ ಅನಾಥರಾದ ನೂರಾರು ಹುಡುಗಿಯರಿಗೆ ಅದೇ ಮನೆ. 1905ರಲ್ಲಿ ಆ ಹುಡುಗಿಯರ ಮೇಲೆ ಪವಿತ್ರಾತ್ಮನ ಸುರಿಮಳೆ ಆಯ್ತು. ನಮ್ಮ ದೇಶದ ಪೆಂಟೆಕೋಸ್ಟಲ್ ಚರಿತ್ರೆ ಬರೆಯೋರು ಆ ಉಜ್ಜೀವನವನ್ನು ಬಿಟ್ಟು ಬರೆಯೋಕಾಗಲ್ಲ. ಹಲ್ಲೆಲೂಯಾ! ಮನೆ ಕಳ್ಕೊಂಡ ಹುಡುಗಿ ಮನೆ ಕಟ್ಟಿದಳು, ಆ ಮನೆಗೆ ದೇವರು ಬೆಂಕಿ ಕಳಿಸಿದರು.

ಎರಡು: ನಿನ್ನ ಮಾತಿಗೆ ನಾಚಬೇಡ, ಬೇರೆ ಮಾತಿಗೆ ಹೆದರಬೇಡ

ಕಲಬುರಗಿ ಕಡೆ ಹುಡುಗ ಲೈನಲ್ಲಿ ನಿಂತು ‘ಮಾಡಾಕತ್ತೀನ್ರಿ’ ಅಂದರೆ ಉಳಿದವರು ನಗ್ತಾರೆ. ಇದು ನಡೀತಾ ಇದೆ, ನನಗೆ ಗೊತ್ತು. ಒಡಿಶಾದ ತಂಗಿಗೆ ಅಂಗಡಿಯಲ್ಲಿ ಏನು ಕೇಳಬೇಕೋ ಗೊತ್ತಾಗಲ್ಲ, ಬೆರಳು ತೋರಿಸಿ ಕೊಳ್ಳಬೇಕು. ಕೆಲವರು ಬಾಯೇ ಬಿಡಲ್ಲ ಈಗ. ಮಾತಾಡಿದರೆ ತಾನೇ ನಗೋದು ಅಂತ.

ಪೇತ್ರನನ್ನು ನೋಡಿ. ಗಲಿಲಾಯದ ಮೀನುಗಾರ, ಯೆರೂಸಲೇಮ್ ಅವನಿಗೆ ದೊಡ್ಡ ಊರು. ಯೇಸುವನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಅವನನ್ನು ಹಿಡಿದುಕೊಟ್ಟದ್ದು ಯಾವುದು? ಮತ್ತಾಯ 26:73 ನೋಡಿ. ಅವನ ಮಾತಿನ ಧಾಟಿ. ಬಾಯಿ ಬಿಟ್ಟ ಕೂಡಲೇ ಇವನು ಆ ಕಡೆಯವನು ಅಂತ ಗೊತ್ತಾಯ್ತು. ಹೆದರಿ, ಆಣೆ ಇಟ್ಟು, ಯೇಸು ಯಾರೋ ಗೊತ್ತೇ ಇಲ್ಲ ಅಂದ.

ಈಗ ಅಲ್ಲಿಂದ ಪಂಚಾಶತ್ತಮ ದಿನಕ್ಕೆ ಬನ್ನಿ. ನಡುವೆ ಇರೋದು ಸುಮಾರು ಐವತ್ತು ದಿನ. ಅಷ್ಟರಲ್ಲಿ ಪೇತ್ರನ ಧಾಟಿ ಬದಲಾಯಿತಾ? ಕೋಚಿಂಗ್ ಕ್ಲಾಸಿಗೆ ಹೋದನಾ? ಇಲ್ಲ! ಅಪೊಸ್ತಲರ ಕೃತ್ಯಗಳು 2:7ರಲ್ಲಿ ಜನ ಬೆರಗಾಗಿ ಕೇಳ್ತಾರೆ, ಮಾತಾಡ್ತಿರೋ ಇವರೆಲ್ಲ ಗಲಿಲಾಯದವರಲ್ಲವಾ ಅಂತ. ಅದೇ ಜನ, ಅದೇ ಊರಿನವರು. ಅಂಗಳದಲ್ಲಿ ಅವಮಾನ ಆಗಿದ್ದ ಗುರುತೇ ಇಲ್ಲಿ ಸಾಕ್ಷಿ ಆಯ್ತು. ನಿನ್ನ ಧಾಟಿ ಸರಿಹೋಗಲಿ ಅಂತ ಪವಿತ್ರಾತ್ಮನು ಕಾಯಲ್ಲ, ತಮ್ಮ. ಈಗಿರೋ ನಾಲಿಗೆಯನ್ನೇ ತಗೊಳ್ತಾನೆ.

ಇನ್ನೂ ಒಂದು ಇದೆ. ಆ ದಿನ ಅಲ್ಲಿದ್ದವರ ಪಟ್ಟಿ 9ನೇ ವಚನದಿಂದ ಓದಿ. ಪಾರ್ಥ್ಯರು, ಮೇದ್ಯರು, ಏಲಾಮ್ಯರು, ಮೆಸೊಪೊತಾಮ್ಯದಲ್ಲಿ ವಾಸ ಮಾಡೋರು. ಮೆಸೊಪೊತಾಮ್ಯ ಅಂದರೆ ಯಾವುದು? ಯೆರೆಮೀಯ ಪತ್ರ ಕಳಿಸಿದ ಬಾಬೆಲ್ ಇದ್ದ ಅದೇ ನೆಲ. ಅಲ್ಲಿ ಮನೆ ಕಟ್ಟಿ ಉಳಿದುಕೊಂಡ ಯೆಹೂದ್ಯರು ಆ ಊರಿನ ಭಾಷೆಯನ್ನೂ ತಮ್ಮದು ಮಾಡಿಕೊಂಡಿದ್ದರು, ದೇವರನ್ನೂ ಬಿಟ್ಟಿರಲಿಲ್ಲ. ಆರುನೂರು ವರ್ಷದ ಮೇಲೆ ಅಂಥವರು ಯೆರೂಸಲೇಮಿಗೆ ಹಬ್ಬಕ್ಕೆ ಬಂದಾಗ ಪವಿತ್ರಾತ್ಮನು ಅವರ ಜೊತೆ ಅವರು ಹುಟ್ಟಿದ ಊರಿನ ಭಾಷೆಯಲ್ಲೇ ಮಾತಾಡಿದ. ಭಾಷೆ ಕಲಿತದ್ದು ದ್ರೋಹ ಆಗಲಿಲ್ಲ, ದೇವರಿಗೆ ಬಾಗಿಲಾಯ್ತು.

ಹಾಗಾಗಿ ಎರಡು ಕಡೆಗೂ ಹೇಳ್ತೀನಿ. ಹೊರಗಿನಿಂದ ಬಂದವರೇ, ಕನ್ನಡ ಕಲೀರಿ. ಬೈತಾರೆ ಅಂತಲ್ಲ, ಪ್ರೀತಿಯಿಂದ ಕಲೀರಿ. ಊಟ ಆಯ್ತಾ, ಹುಷಾರಾ, ಎಷ್ಟು, ಸಾಕು, ತುಂಬಾ ಥ್ಯಾಂಕ್ಸ್. ಇಷ್ಟರಿಂದ ಶುರು ಮಾಡಿ. ಇಲ್ಲಿಯವರೇ, ಯಾರಾದರೂ ತಪ್ಪು ತಪ್ಪಾಗಿ ಕನ್ನಡ ಮಾತಾಡಿದರೆ ನಗಬೇಡಿ. ಆ ತಪ್ಪು ಕನ್ನಡ ನಿಮಗೆ ಕೊಟ್ಟ ಗೌರವ.

ಮೂರು: ಈ ಊರಿಗಾಗಿ ಪ್ರಾರ್ಥನೆ ಮಾಡಿ

7ನೇ ವಚನ ಎಲ್ಲಕ್ಕಿಂತ ಕಷ್ಟದ್ದು. ನಿಮ್ಮನ್ನು ಕಳಿಸಿರೋ ಪಟ್ಟಣದ ಕ್ಷೇಮವನ್ನು ಬಯಸಿ, ಅದಕ್ಕಾಗಿ ಪ್ರಾರ್ಥಿಸಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರ್ತೀರಿ ಅನ್ನೋದು ಅದರ ಸಾರ. ಬಾಬೆಲಿಗಾಗಿ ಪ್ರಾರ್ಥನೆ! ಅವರ ಊರು ಸುಡೋಕೆ ಹೊರಟಿದ್ದ ಬಾಬೆಲಿಗೆ!

ನಾವು ಸಾಮಾನ್ಯವಾಗಿ ಏನು ಪ್ರಾರ್ಥನೆ ಮಾಡ್ತೀವಿ? ಕರ್ತನೇ, ಸಂಬಳ ಜಾಸ್ತಿ ಮಾಡು, ಒಳ್ಳೆ ರೂಮ್ ಕೊಡು, ಸೂಪರ್‌ವೈಸರ್ ಮನಸ್ಸು ಬದಲಾಯಿಸು. ತಪ್ಪಿಲ್ಲ. ಆದರೆ ಈ ತಾಲೂಕಿನ ಹೆಸರು ನಿಮ್ಮ ಪ್ರಾರ್ಥನೆಯಲ್ಲಿ ಎಂದಾದರೂ ಬಂದಿದೆಯಾ?

ನೀವು ಮನೆ ಬಿಟ್ಟು ಬಂದಿರಿ. ಇಲ್ಲಿಯವರು ಕೆಲವರು ಮನೆ ಬಿಡದೆಯೇ ಊರು ಕಳ್ಕೊಂಡಿದ್ದಾರೆ. 2008ರ ಮೇ ತಿಂಗಳಲ್ಲಿ ಶುರುವಾದ ವಿಮಾನ ನಿಲ್ದಾಣ ಸುಮಾರು 4,000 ಎಕರೆ ನೆಲದ ಮೇಲಿದೆ. ಅದು ಖಾಲಿ ಬಿದ್ದಿದ್ದ ಮರುಭೂಮಿ ಆಗಿರಲಿಲ್ಲ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ತಮ್ಮ 1,777 ಎಕರೆ ಉಳಿಸಿಕೊಳ್ಳೋಕೆ 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಭೂಸ್ವಾಧೀನ ಕೈಬಿಟ್ಟಿದೆ ಅಂತ ಹೇಳಿತು. ಯಾರು ಸರಿ, ಯಾರು ತಪ್ಪು ಅಂತ ತೀರ್ಪು ಹೇಳೋಕೆ ನಾನು ಇದನ್ನು ಎತ್ತಲಿಲ್ಲ. ನಿಮ್ಮ ಪಿಜಿ ಎದುರಿಗೆ ಬೆಳಿಗ್ಗೆ ಸುಮ್ಮನೆ ಕೂತಿರ್ತಾರಲ್ಲ ಒಬ್ಬ ಅಜ್ಜ, ನಿಮ್ಮನ್ನು ನೋಡಿ ನಗಲ್ಲ, ಮಾತಾಡ್ಸಲ್ಲ. ಅವರಿಗೆ ಕೊಬ್ಬು ಅಂತ ನೀವು ಅಂದುಕೊಂಡಿದ್ದೀರ. ಆ ಅಜ್ಜ ರಾಗಿ ಬೆಳೆದ ಹೊಲದ ಮೇಲೆ ಈಗ ಏನಿದೆಯೋ ಒಮ್ಮೆ ಕೇಳಿ. ಅವರಿಗೂ ಈ ಊರು ಪರದೇಶ ಆಗಿರಬಹುದು. ‘ಅಜ್ಜ, ಮೊದಲು ಇಲ್ಲೆಲ್ಲ ಏನಿತ್ತು?’ ಅಂತ ಕೇಳಿ ಕೂತುಕೊಳ್ಳಿ. ಪಟ್ಟಣದ ಕ್ಷೇಮ ಬಯಸೋದು ಅಂದರೆ ಅಲ್ಲಿಂದ ಶುರು.

ಕ್ಷೇಮ ಒಡೆದು ಹೋಗೋದೂ ಎಷ್ಟು ಬೇಗ ಅಂತ ನಾವು ನೋಡಿದ್ದೀವಿ. 2012ರ ಆಗಸ್ಟ್‌ನಲ್ಲಿ ಫೋನಿಂದ ಫೋನಿಗೆ ಹರಡಿದ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಕೆಲವೇ ದಿನಗಳಲ್ಲಿ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. 2020ರ ಮೇ ತಿಂಗಳಲ್ಲಿ ಚಿಕ್ಕಬಾಣಾವರದಿಂದ ಶ್ರಮಿಕ್ ರೈಲುಗಳು ಹೊರಟಾಗ, ಈ ಊರನ್ನು ಕಟ್ಟಿದ ಕೈಗಳೇ ಗಂಟು ಮೂಟೆ ಹೊತ್ತು ನಿಂತಿದ್ದವು. ಆದ್ದರಿಂದ ಈ ಸಭೆಯ ಯಾರೂ ಒಂದು ಜನರ ಮೇಲೆ, ಒಂದು ಭಾಷೆಯವರ ಮೇಲೆ ದ್ವೇಷದ ಮೆಸೇಜ್ ಫಾರ್ವರ್ಡ್ ಮಾಡಬಾರದು. ಅದು ಪಟ್ಟಣದ ಕ್ಷೇಮಕ್ಕೆ ವಿರುದ್ಧ. ಅಂದರೆ ವಾಕ್ಯಕ್ಕೆ ವಿರುದ್ಧ.

ಈಗ ಸ್ವಲ್ಪ ಮೆಲ್ಲಗೆ ಒಂದು ಮಾತು. ಇಲ್ಲಿ ಕೂತಿರೋ ಕೆಲವರಿಗೆ ಇದೆಲ್ಲ ದೂರದ ಮಾತು ಅನ್ನಿಸ್ತಾ ಇರಬಹುದು. ಮನೆಗೆ ಫೋನ್ ಮಾಡಿ ‘ಚೆನ್ನಾಗಿದ್ದೀನಿ ಅಮ್ಮ’ ಅಂತ ಹೇಳಿ, ಇಟ್ಟ ಮೇಲೆ ಬಾತ್‌ರೂಮಲ್ಲಿ ನಲ್ಲಿ ತಿರುಗಿಸಿ ಅಳೋರು ಇದ್ದೀರ. ಲೋನ್ ಆ್ಯಪ್‌ನವರ ಫೋನಿಗೆ ಹೆದರಿ ಸಿಮ್ ಬದಲಾಯಿಸಿದವರು ಇದ್ದೀರ. ಇದ್ದು ಏನು ಪ್ರಯೋಜನ ಅನ್ನೋ ಯೋಚನೆ ರಾತ್ರಿ ಬಂದವರು ಇದ್ದೀರ.

ಎಲೀಯನಿಗೂ ಬಂದಿತ್ತು. 1 ಅರಸುಗಳು 19. ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು, ಒಬ್ಬನೇ ಅಡವಿಗೆ ಹೋಗಿ, ಗಿಡದ ಕೆಳಗೆ ಕೂತು ಪ್ರಾಣ ತಗೋ ಅಂತ ದೇವರನ್ನು ಕೇಳಿದ. ಬೆಂಕಿ ಇಳಿಸಿದ ಪ್ರವಾದಿ! ದೇವರು ಅವನಿಗೆ ಬೈದರಾ? ನಂಬಿಕೆ ಇಲ್ಲ ಅಂದರಾ? ಮೊದಲು ನಿದ್ದೆ ಕೊಟ್ಟರು. ಆಮೇಲೆ ರೊಟ್ಟಿ, ನೀರು. ಮತ್ತೆ ನಿದ್ದೆ. ಮತ್ತೆ ರೊಟ್ಟಿ. ಪ್ರಶ್ನೆ ಕೇಳಿದ್ದು ಆಮೇಲೆ. ಹಾಗಾಗಿ ಕುಗ್ಗಿ ಹೋಗಿರೋದು ಪಾಪ ಅಂತ ಯಾರೂ ನಿಮ್ಮ ತಲೆ ಮೇಲೆ ಹೊರಿಸಬಾರದು. ಆರಾಧನೆ ಆದ ಮೇಲೆ ನನ್ನ ಹತ್ತಿರ ಬನ್ನಿ, ಅಕ್ಕಂದಿರ ಹತ್ತಿರ ಹೋಗಿ. ರಾತ್ರಿ ಯಾರೂ ಸಿಗಲಿಲ್ಲ ಅಂದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ. ಡಾಕ್ಟರ ಹತ್ತಿರ ಹೋಗೋದು ಅವಿಶ್ವಾಸ ಅಲ್ಲ. ಎಲೀಯನ ರೊಟ್ಟಿ ದೂತ ತಂದ, ನಿಮ್ಮದು ನರ್ಸ್ ತರಬಹುದು.

ಕೊನೇದಾಗಿ ಸಭೆಗೆ, ವಿಶೇಷವಾಗಿ ಇಲ್ಲೇ ಹುಟ್ಟಿ ಬೆಳೆದವರಿಗೆ. ವಿಲಿಯಂ ಸೀಮೋರ್ ಅಮೆರಿಕದ ಲೂಸಿಯಾನಾದಲ್ಲಿ ಹುಟ್ಟಿದವರು, ಗುಲಾಮಗಿರಿಯಿಂದ ಬಿಡುಗಡೆಯಾದ ತಂದೆತಾಯಿಯ ಮಗ, ಒಂದು ಕಣ್ಣು ಕಾಣ್ತಿರಲಿಲ್ಲ. ಹೊಟ್ಟೆಪಾಡಿಗೆ ಊರಿಂದ ಊರಿಗೆ ಹೋಗಿ ಹೋಟೆಲಲ್ಲಿ ಕೆಲಸ ಮಾಡಿದರು. 1906ರ ಶುರುವಿನಲ್ಲಿ ದೂರದ ಲಾಸ್ ಏಂಜಲೀಸ್‌ಗೆ ಬಂದು ಒಂದು ಸಭೆಯಲ್ಲಿ ಸಂದೇಶ ಕೊಟ್ಟರು. ಆ ಬೋಧನೆ ಒಪ್ಪಿಗೆಯಾಗಲಿಲ್ಲ, ಸ್ವಲ್ಪ ದಿನದಲ್ಲೇ ಸಭೆಯ ಬಾಗಿಲಿಗೆ ಬೀಗ. ಒಂದು ಸಾಧಾರಣ ಮನೆಯವರು ಒಳಗೆ ಕರೆದರು, ಅಲ್ಲಿ ಪ್ರಾರ್ಥನೆ ಶುರುವಾಯಿತು. ಏಪ್ರಿಲ್‌ನಲ್ಲಿ ಪವಿತ್ರಾತ್ಮನು ಇಳಿದ, ಜನ ಹಿಡಿಸಲಾರದೆ ಅಜೂಸಾ ಬೀದಿಗೆ ಹೋದರು. ಮುಂದಿನದು ಲೋಕಕ್ಕೇ ಗೊತ್ತು. ಪ್ರಿಯರೇ, ಬಾಗಿಲಲ್ಲಿ ನಿಂತಿರೋ ಹೊಸಬನ ಕೈಯಲ್ಲಿ ದೇವರು ಏನು ಕಳಿಸಿದ್ದಾರೋ ನಿಮಗೆ ಗೊತ್ತಿಲ್ಲ. ಬೀಗ ಹಾಕಿದರೆ ನಷ್ಟ ಅವನಿಗಲ್ಲ.

ಈ ವಾರಕ್ಕೆ ಮೂರು ಕೆಲಸ. ಒಂದು, ಇವತ್ತು ರಾತ್ರಿ ಬ್ಯಾಗ್ ಬಿಚ್ಚಿ ಬಟ್ಟೆ ಶೆಲ್ಫಿನಲ್ಲಿ ಇಡಿ, ಶೆಲ್ಫ್ ಇಲ್ಲದಿದ್ದರೆ ಗೋಡೆಗೆ ಎರಡು ಮೊಳೆ ಹೊಡೀರಿ, ಓನರನ್ನು ಕೇಳಿ! ಜೊತೆಗೆ ಇಎಸ್‌ಐ ಕಾರ್ಡ್, ಪಿಎಫ್ ನಂಬರ್ ಇದೆಯಾ ನೋಡಿಕೊಳ್ಳಿ. ಊರಿನ ರೇಷನ್ ಕಾರ್ಡ್ ಬೇರೆ ರಾಜ್ಯದಲ್ಲೂ ನಡೆಯುತ್ತೆ, ಅದನ್ನೂ ವಿಚಾರಿಸಿ. ಎರಡು, ಹೊಸ ಭಾಷೆಯ ಐದು ಮಾತು ಕಲೀರಿ, ಕನ್ನಡದವರು ಒಡಿಯಾ ಅಥವಾ ಹಿಂದಿ, ಬೇರೆಯವರು ಕನ್ನಡ. ಮೂರು, ಪ್ರತಿ ದಿನ ಐದು ನಿಮಿಷ ನೀವಿರೋ ಬೀದಿಗಾಗಿ, ಅಲ್ಲಿಯ ಜನರ ಹೆಸರು ಹಿಡಿದು ಪ್ರಾರ್ಥನೆ ಮಾಡಿ. ಹೆಸರು ಗೊತ್ತಿಲ್ಲದಿದ್ದರೆ ಕೇಳಿ ತಿಳ್ಕೊಳ್ಳಿ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಪಕ್ಕದಲ್ಲಿರೋರು ಒಪ್ಪಿದರೆ ಅವರ ಕೈ ಹಿಡ್ಕೊಳ್ಳಿ. ನಿಮ್ಮ ನಿಮ್ಮ ಭಾಷೆಯಲ್ಲೇ ಪ್ರಾರ್ಥಿಸಿ, ಕನ್ನಡದಲ್ಲೇ ಆಗಬೇಕಿಲ್ಲ.

ಪ್ರೀತಿಯುಳ್ಳ ತಂದೆಯೇ, ನಿನಗೆ ಸ್ತೋತ್ರ. ದೂರದಿಂದ ಬಂದ ಈ ಮಕ್ಕಳನ್ನು ನಿನ್ನ ಕೈಗೆ ಒಪ್ಪಿಸ್ತೀವಿ. ಊರಲ್ಲಿರೋ ಅವರ ಅಪ್ಪ ಅಮ್ಮಂದಿರನ್ನು ಕಾಪಾಡು. ರಾತ್ರಿ ಪಾಳಿಯಲ್ಲಿ, ಹೆದ್ದಾರಿಯಲ್ಲಿ, ಮಷೀನಿನ ಮುಂದೆ ಅವರ ಕೈಕಾಲು ಕಾಪಾಡು. ನೆಲ ಕಳ್ಕೊಂಡವರಿಗೆ ಸಮಾಧಾನ ಕೊಡು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಕ್ಕೆ ಕ್ಷೇಮ ಕೊಡು. ನಮ್ಮ ಸಭೆಯ ಬಾಗಿಲು ಯಾರಿಗೂ ಮುಚ್ಚದ ಹಾಗೆ ನೋಡಿಕೋ. ಪವಿತ್ರಾತ್ಮನೇ, ಈ ಎಲ್ಲ ನಾಲಿಗೆಗಳ ಮೇಲೆ ಇಳಿದು ಬಾ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಕೂತ್ಕೊಳ್ಳಿ. ಊಟ ಇದೆ, ಯಾರೂ ಹಾಗೇ ಹೋಗಬೇಡಿ.